ಉಸಿರು ಅಳೆಯುವ ಯಂತ್ರಕ್ಕೆ, ಸ್ಕೂಟರಿನ ಹಿಂದಿನ ಸೀಟಿನಿಂದ

ಮಾನ್ಯರೇ,

ಹೆದ್ದಾರಿಯಲ್ಲಿ ಪೊಲೀಸರ ಕೈಯಲ್ಲಿ ವಿರಾಜಮಾನರಾಗಿ, ಬಂದವರ ಹುದ್ದೆ, ವಶೀಲಿ ಯಾವುದನ್ನೂ ಕೇಳದೆ ಉಸಿರನ್ನಷ್ಟೇ ಸ್ವೀಕರಿಸುವ ತಮಗೆ ಕೂಡ್ಲಿಗಿಯ ಗ್ರಂಥಪಾಲಕ ಹಾಲೇಶಪ್ಪನ ನಮಸ್ಕಾರಗಳು. ಈ ಪತ್ರವನ್ನು ಬರೆಯುವಾಗ ನನ್ನ ಉಸಿರು ಶುದ್ಧವಾಗಿದೆ, ನಿರ್ಭಯವಾಗಿ ಓದಬಹುದು.

2006ರ ಫೆಬ್ರುವರಿಯ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಭೇಟಿಯಾಯಿತು. ಕಾನಹೊಸಹಳ್ಳಿಯಲ್ಲಿ ಹೆಂಡತಿಯ ತಮ್ಮ ಬೆನಕಪ್ಪನ ಮನೆಯ ಊಟ ಮುಗಿಸಿ, ಹೆಂಡತಿ ಶಿವಬಸಮ್ಮನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದೆ. ಊಟಕ್ಕೆ ಮೊದಲು ಗುಟ್ಟಾಗಿ ಬ್ರಾಂದಿ ಕೊಟ್ಟವನೂ ಬೆನಕಪ್ಪನೇ, "ಎರಡು ಮಿರ್ಚಿ ತಿನ್ರಿ ಮಾವ, ವಾಸನಿ ಅಕ್ಕಗೂ ಗೊತ್ತಾಗಂಗಿಲ್ಲ" ಎಂದು ಅಭಯವಿತ್ತವನೂ ಅವನೇ. ತಾವು ಮಿರ್ಚಿಯನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ.

ಆದರೆ ತಪ್ಪು ತಮ್ಮದಲ್ಲ. ಮುಖ್ಯ ಪೇದೆ ಪಕ್ಕೀರಪ್ಪನವರು ಅಂದು ಕನ್ನಡಕ ಮರೆತಿದ್ದರು, ಬಿಸಿಲಿನಲ್ಲಿ ತಮ್ಮ ಮುಖ ನೋಡಿ, "ಇಪ್ಪತ್ನಾಲ್ಕು ಐತಿ. ಮೂವತ್ತರ ಒಳಗ ಐತಿ, ಹೋಗ್ರಿ ಸರ" ಎಂದರು. ಇಪ್ಪತ್ತು ವರ್ಷ ಪುಸ್ತಕಗಳ ಸಂಖ್ಯೆ ಸರಿಪಡಿಸಿದ ನಾಲಿಗೆ ಸುಮ್ಮನಿರಲಿಲ್ಲ. ನಾನೇ ಬಗ್ಗಿ ನೋಡಿ, "ಎಂಬತ್ನಾಲ್ಕು" ಎಂದು ತಿದ್ದಿದೆ.

ನಾನು ಓದುವ ರಷ್ಯಾದ ಕಾದಂಬರಿಗಳ ಅನುವಾದದಲ್ಲಿ ಕುಡಿದವನು ಮೂರು ಪುಟ ಅಳುತ್ತಾನೆ, ಆಮೇಲೆ ಕುದುರೆ ಅವನನ್ನು ಮನೆ ಮುಟ್ಟಿಸುತ್ತದೆ. ನನಗೆ ಸಿಕ್ಕಿದ್ದು ಮೋಟಾರು ವಾಹನ ಕಾಯ್ದೆಯ 185ನೇ ಕಲಮು: ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ, ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು. ನ್ಯಾಯಾಧೀಶರು ಕರುಣೆಯಿಂದ ದಂಡ ಹಾಕಿ, ಆರು ತಿಂಗಳು ಲೈಸನ್ಸ್ ತಡೆಹಿಡಿದರು.

ಅಷ್ಟರಲ್ಲಿ ಶಿವಬಸಮ್ಮ ಸ್ಕೂಟರ್ ಕಲಿತು ತಾನೇ ಲೈಸನ್ಸ್ ಪಡೆದಳು. ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾನು ದಿನವೂ ಬಸ್ ನಿಲ್ದಾಣದ ಮುಂದೆ ಹಾದುಹೋಗುವಾಗ ನನ್ನ ಓದುಗರು ಎದ್ದು ನಿಲ್ಲುತ್ತಾರೆ. ಗೌರವಕ್ಕಲ್ಲ, ಚೆನ್ನಾಗಿ ಕಾಣಲೆಂದು. ಮೊನ್ನೆ ನನ್ನ ಲೈಸನ್ಸ್ ಮರಳಿತು. ಚಾವಿ ಕೇಳಿದೆ.

"ಲೈಸನ್ಸ್ ಸರ್ಕಾರ ಕೊಡ್ತೈತ್ರಿ. ಅವತ್ತು ಹಿಂದ ಕುಂತು ಜೀವ ಕೈಯಾಗ ಹಿಡ್ಕಂಡಾಕಿ ನಾನು. ಚಾವಿ ನಾ ಕೊಡಬೇಕು" ಎಂದಳು. ಇದರ ಮೇಲೆ ಮೇಲ್ಮನವಿ ಸಲ್ಲಿಸಲು ಕಾಯ್ದೆಯನ್ನು ಎರಡು ಸಲ ಓದಿದೆ, ಅವಕಾಶವಿಲ್ಲ.

ಆದ್ದರಿಂದ ತಾವು ದಿನವೂ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಗೆ ದಯಮಾಡಿಸಿ, ನನ್ನ ಉಸಿರಿನ ಸೊನ್ನೆಯನ್ನು ಆಕೆಗೆ ತೋರಿಸಬೇಕೆಂದೂ, ಬೆನಕಪ್ಪ ಊಟಕ್ಕೆ ಕರೆದಾಗ ನನ್ನ ಪಕ್ಕದಲ್ಲೇ ಕೂರಬೇಕೆಂದೂ, ಸಾಧ್ಯವಾದರೆ ಆ ಎಂಬತ್ನಾಲ್ಕನ್ನು ಮರೆಯಬೇಕೆಂದೂ ಪ್ರಾರ್ಥಿಸುತ್ತೇನೆ.

ಸದ್ಯ ಕೈಚೀಲದ ಉಸ್ತುವಾರಿಯಲ್ಲಿರುವ,
ತಮ್ಮ ವಿಶ್ವಾಸಿ,
ಹಾಲೇಶಪ್ಪ

ಮರೆತ ಮಾತು: ಇಂದು ಬೆಳಿಗ್ಗೆ ನಮ್ಮ ಸ್ಕೂಟರನ್ನು ಮತ್ತೆ ತಡೆದರು. ಶಿವಬಸಮ್ಮನಿಗೆ ಸೊನ್ನೆ ಬಂತು. ನನ್ನ ಸೊನ್ನೆಯನ್ನೂ ಅವಳು ನೋಡಲೆಂದು ನಾನೂ ಬಾಯಿ ಮುಂದೆ ಚಾಚಿದೆ. "ಅವರ್ದು ಬ್ಯಾಡ್ರಿ," ಎಂದಳು, "ಅವರು ಸಾಮಾನು." ಪಕ್ಕೀರಪ್ಪನವರು ಈ ಸಲ ಕನ್ನಡಕ ಹಾಕಿಕೊಂಡಿದ್ದರು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಏನನ್ನೂ ತಿದ್ದಲಿಲ್ಲ.