ಬಡಗಿ ಯಜಮಾನರು ಹಾಕಿದ ಹಸಿರು ಹೊದಿಕೆ

"ಓರೆ ಅನ್ನೋದು ಈ ಕೈಯಿಂದ ಹುಟ್ಟೋದೇ ಇಲ್ಲ ಕಣಮ್ಮ. ಒಂದು ಹೊದಿಕೆ ತಾನೆ? ಮುಂದಿನ ವಾರ ತಂದು ಈ ಮೇಜಿನ ಮೇಲೆ ಹಾಸ್ತೀನಿ, ಎಲ್ಲರೂ ನೋಡಿ ಕಲ್ತುಕೊಳ್ಳಿ."

ಬಡಗಿ ಯಜಮಾನರು ಹೀಗೆ ಘೋಷಿಸಿದಾಗ ಕೋಣೆಯಲ್ಲಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು. ಗೌರವದಿಂದ ಎಂದು ಯಜಮಾನರು ತಿಳಿದರು. ನಗು ಕಾಣಬಾರದು ಎಂಬುದಷ್ಟೇ ಹೆಂಗಸರ ಉದ್ದೇಶವಾಗಿತ್ತು.

ಗ್ರಂಥಾಲಯದ ಮೇಲಿನ ಆ ಕೋಣೆಯಲ್ಲಿ ವಾರಕ್ಕೊಮ್ಮೆ ಬೀದಿಯ ಹೆಂಗಸರು ಸೇರಿ, ಆಸ್ಪತ್ರೆಯ ಮಕ್ಕಳ ವಾರ್ಡಿಗೆಂದು ಕೊಕ್ಕೆಯ ಕಡ್ಡಿಯಲ್ಲಿ ಉಲ್ಲನ್ ಹೊದಿಕೆ ಹೆಣೆಯುತ್ತಿದ್ದರು. ಸಂಬಳ ಇಲ್ಲ. ಸಿಗುತ್ತಿದ್ದುದು ಒಂದು ಲೋಟ ಚಹಾ ಮತ್ತು ಬೀದಿಯ ಸಮಸ್ತ ಸುದ್ದಿ. ಯಜಮಾನರು ಅಲ್ಲಿಗೆ ಹೋದದ್ದು ಹೆಂಡತಿಯನ್ನು ಕರೆದುಕೊಂಡು ಬರಲು. ಸುಮ್ಮನೆ ಕರೆದುಕೊಂಡು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಾಗಿಲು ಕಿಟಕಿ ಮಾಡುತ್ತಲೇ ತಲೆ ನರೆತ ಈ ಮನುಷ್ಯ, ಕೆಲಸ ಬಿಟ್ಟ ಮೇಲೂ ಮೂಲೆ ನೆಟ್ಟಗಿದೆಯೇ ಎಂದು ನೋಡುವ ಮೂಲೆಮಟ್ಟವನ್ನು ಚೀಲದಲ್ಲಿ ಇಟ್ಟುಕೊಂಡೇ ತಿರುಗುವವರು. ನೆಂಟರ ಮನೆಗೆ ಹೋದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಅವರ ಬಾಗಿಲಿನ ಚೌಕಟ್ಟು ವಿಚಾರಿಸುವವರು. ಮೇಜಿನ ಮೇಲೆ ಹರಡಿದ್ದ ಹೊದಿಕೆಯ ಮೂಲೆಗೂ ಮೂಲೆಮಟ್ಟ ಹಿಡಿದೇಬಿಟ್ಟರು.

"ಒಂದು ಬೆರಳು ಓರೆ ಇದೆಯಲ್ಲಮ್ಮ ಇದು."

ಗುಂಪಿನ ಹಿರಿಯಳು ಆಸ್ಪತ್ರೆಯಿಂದ ನಿವೃತ್ತಿಯಾದ ದಾದಿ. ಎಲ್ಲರಿಗೂ ಆಕೆ ನರ್ಸಮ್ಮ. ಅರಚುವ ಮಕ್ಕಳಿಗೆ ಸೂಜಿ ಚುಚ್ಚಿ ಚುಚ್ಚಿ ಪಳಗಿದ ನಗು ಅವರದು.

"ಮಕ್ಕಳು ಅದನ್ನ ಹೊದ್ಕೋತಾರೆ ಯಜಮಾನ್ರೆ, ಗೋಡೆಗೆ ಕೂರಿಸಲ್ಲ. ಆದ್ರೂ ನೆಟ್ಟಗೆ ಹಾಕೋರು ಒಬ್ರು ಸಿಕ್ಕಿದ್ರಲ್ಲ, ನಮ್ಮ ಪುಣ್ಯ. ತಗೊಳ್ಳಿ," ಎಂದು ಕ್ರೋಶಾ ಕಡ್ಡಿಯೊಂದನ್ನು ಅವರ ಕೈಗೆ ತುರುಕಿದರು. ಮೇಲೆ ಹೇಳಿದ ಘೋಷಣೆ ಹೊರಬಿದ್ದದ್ದು ಆಗಲೇ.

ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೆಂಡತಿ ಹೇಳಿದಳು.

"ಜಂಬಕ್ಕೆ ಹಾಕೋದಾದ್ರೆ ಬೇಡ ರೀ. ಮೊಮ್ಮಗನ ಹಳದಿ ಹೊದಿಕೆ ಮರೆತ್ರಾ?"

ಮರೆಯುವುದು ಹೇಗೆ? ಅವರ ಮೊಮ್ಮಗ ಅವಸರದಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಷ್ಟೇ ಮಲಗಿದ್ದ ದಿನಗಳು. ಮನೆಯವರೆಲ್ಲ ಹೊರಗೆ ಕೈ ಹಿಸುಕಿಕೊಂಡು ನಿಂತಿದ್ದಾಗ, ಯಾರೋ ಹೆಣೆದ ಹಳದಿ ಹೊದಿಕೆಯೊಂದು ಅವನ ಮೇಲೆ ಬಂದು ಕೂತಿತು. ಯಾರು ಹೆಣೆದರೋ ಇವತ್ತಿಗೂ ಗೊತ್ತಿಲ್ಲ. ಈಗ ಆ ಪುಣ್ಯಾತ್ಮ ಮೊಮ್ಮಗ ಮನೆಯ ಗೋಡೆಯನ್ನೆಲ್ಲ ಬಣ್ಣದ ಪೆನ್ಸಿಲ್‌ನಿಂದ ಗೀಚುವಷ್ಟು ಗಟ್ಟಿಯಾಗಿದ್ದಾನೆ. "ಆ ತಾಯಿ ಸಿಕ್ಕಿದ್ರೆ ಕಾಲಿಗೆ ಬೀಳ್ತಿದ್ದೆ. ಸಿಗಲ್ಲವಲ್ಲ, ಅದಕ್ಕೆ ಕಡ್ಡಿ ಹಿಡಿದಿದ್ದೀನಿ," ಎನ್ನುತ್ತಿದ್ದಳು ಹೆಂಡತಿ.

ಈ ಸಲ ಅವಳು ಹಾಕುತ್ತಿದ್ದುದು ಏಳು ವರ್ಷದ ಹುಡುಗಿಯೊಬ್ಬಳಿಗೆ. ಆಪರೇಷನ್ ಅಂದರೆ ಮಂಚದ ಕಂಬಿ ಹಿಡಿದು ಬಿಡದ ಹುಡುಗಿ. ಕೊನೆಗೆ ನರ್ಸಮ್ಮನ ಹತ್ತಿರ ಒಂದು ಒಪ್ಪಂದಕ್ಕೆ ಬಂದಿದ್ದಳು. ಹಸಿರು ಹೊದಿಕೆ ಬಂದರೆ ಹೋಗುತ್ತೇನೆ, ಬರದಿದ್ದರೆ ಇಲ್ಲ. ಬೇರೆ ಬಣ್ಣ ನಡೆಯುವುದಿಲ್ಲ. ಅಂಗಡಿಯಲ್ಲಿದ್ದ ಹಸಿರು ಉಲ್ಲನ್ನನ್ನೆಲ್ಲ ಬಳಿದು ತಂದಿದ್ದಳು ಹೆಂಡತಿ. ಅದರಲ್ಲೇ ಒಂದು ಪಾಲನ್ನು ಗಂಡನಿಗೂ ಕೊಟ್ಟು ಪಾಠ ಶುರುಮಾಡಿದಳು.

"ಕುಣಿಕೆಯೊಳಗಿಂದ ದಾರ ಎಳೆದ್ರೆ ಇನ್ನೊಂದು ಕುಣಿಕೆ. ಸಾಲು ಮುಗಿದ್ರೆ ತಿರುಗಿ ಬರೋದು. ಅಂಚಿನ ಕುಣಿಕೆ ಬಿಡಬಾರದು. ಆಮೇಲೆ ಇದು ಕೇಳಿಸ್ಕೊಳ್ಳಿ, ಕೊನೇಲಿ ಗಂಟು ಹಾಕೋವರೆಗೂ ಇದು ಪೂರ್ತಿ ಒಂದೇ ದಾರ. ಎಳೆದ್ರೆ ಸಾಲು ಸಾಲೇ ಬಿಚ್ಕೊಂಡು ಬರುತ್ತೆ."

ಯಜಮಾನರು ಆ ಹೊತ್ತಿಗೆ ಕಿಟಕಿಯ ಚೌಕಟ್ಟನ್ನು ಪರೀಕ್ಷಿಸುತ್ತಿದ್ದರು.

ಅಂಚಿನ ಮಾತು ಮಾತ್ರ ಕಿವಿಗೆ ಬಿದ್ದಿತ್ತು. ಆದರೆ ಒಪ್ಪಿಗೆಯಾಗಲಿಲ್ಲ. ಹಲಗೆಯ ತೀರಾ ಅಂಚಿಗೆ ಮೊಳೆ ಹೊಡೆದರೆ ಹಲಗೆ ಸೀಳುತ್ತದೆ, ಒಂದಿಷ್ಟು ಬಿಟ್ಟೇ ಹೊಡೆಯಬೇಕು. ಇಡೀ ಆಯುಸ್ಸು ಪಾಲಿಸಿದ ನಿಯಮವನ್ನು ಒಂದು ಉಲ್ಲನ್ ಉಂಡೆಗಾಗಿ ಮುರಿಯುವುದುಂಟೆ? ಪ್ರತಿ ಸಾಲಿನ ಕೊನೆಯ ಕುಣಿಕೆಯನ್ನು ನಿಷ್ಠೆಯಿಂದ ಬಿಡುತ್ತ ಹೋದರು. ಹೊದಿಕೆಯೂ ಅಷ್ಟೇ ನಿಷ್ಠೆಯಿಂದ ಎರಡೂ ಕಡೆ ಕಿರಿದಾಗುತ್ತ ಹೋಯಿತು. ವಾರ ಕಳೆಯುವಷ್ಟರಲ್ಲಿ ಅವರ ಮಡಿಲಲ್ಲಿ ಇದ್ದದ್ದು ಅಚ್ಚುಕಟ್ಟಾದ ಒಂದು ತ್ರಿಕೋನ. ತುದಿಯಲ್ಲಿ ಉಳಿದಿದ್ದು ಒಂದೇ ಒಂದು ಕುಣಿಕೆ.

ಬೇರೆಯವರಾಗಿದ್ದರೆ ಸೋಲೊಪ್ಪುತ್ತಿದ್ದರು. ಯಜಮಾನರು ಮೀಸೆ ತಿರುವಿದರು. ಎರಡು ತ್ರಿಕೋನ ಸೇರಿಸಿದರೆ ಒಂದು ಚೌಕ. ಇದು ಯಾವ ಬಡಗಿಗೆ ಗೊತ್ತಿಲ್ಲ? ಇನ್ನೊಂದು ಹಾಕಿದರಾಯಿತು.

ಉಲ್ಲನ್ ಮುಗಿದಿತ್ತು. ಹೆಂಡತಿ ಬೆಳಿಗ್ಗೆಯೇ ನರ್ಸಮ್ಮನ ಜೊತೆ ಆಸ್ಪತ್ರೆಗೆ ಹೋಗಿದ್ದಳು, ಉಳಿದ ಮಕ್ಕಳ ಹೊದಿಕೆ ಹಂಚಲು. ಕುರ್ಚಿಯ ಹಿಂದೆ ಅವಳ ಬುಟ್ಟಿ ಇತ್ತು. ಅದರಲ್ಲಿ ಅಂಚು ಕಟ್ಟುವುದೊಂದೇ ಬಾಕಿಯಿದ್ದ ಹಸಿರು ಹೊದಿಕೆ, ಕೆಳಗೆ ಒಂದು ಹಸಿರು ಉಂಡೆ. ಹೊದಿಕೆಯ ಮೂಲೆಯಲ್ಲಿ ಒಂದು ಪಿನ್ನು ಸಿಕ್ಕಿಸಿದ್ದು ಕಣ್ಣಿಗೆ ಬಿತ್ತು. "ಮಕ್ಕಳು ಹೊದೆಯೋ ವಸ್ತುವಿಗೆ ಪಿನ್ನು ಚುಚ್ಚಿದ್ದಾಳಲ್ಲ, ಇವಳಿಗೆ ಬುದ್ಧಿ ಬೇಡವೇ," ಎಂದು ಮರುಗಿ ಅದನ್ನು ಕಿತ್ತಿಟ್ಟರು. ಕೊನೆಯ ಕುಣಿಕೆ ಜಾರದಂತೆ ಹಿಡಿದಿದ್ದುದೇ ಆ ಪಿನ್ನು. ಉಂಡೆಯನ್ನು ಎತ್ತಿಕೊಂಡು, ಅದರ ಹೊರತುದಿ ಹಿಡಿದು ಹಾಕುತ್ತ ಕುಳಿತರು. ಅದರ ಒಳತುದಿ ಎಲ್ಲಿಗೆ ಹೋಗಿ ಸೇರಿದೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಉಂಡೆ ಮುಗಿಯಿತು. ದಾರ ಮಾತ್ರ ಕುರ್ಚಿಯ ಹಿಂದಿನಿಂದ ಬರುತ್ತಲೇ ಇತ್ತು. ಎಳೆದಷ್ಟೂ ಬರುತ್ತಿತ್ತು. ಹೆಂಡತಿ ಅಡಿಯಲ್ಲಿ ಇನ್ನೊಂದು ಉಂಡೆ ಇಟ್ಟಿರಬೇಕು ಎಂದುಕೊಂಡು, ಅವಳ ಮುಂದಾಲೋಚನೆಗೆ ಮನಸ್ಸಿನಲ್ಲೇ ಶಹಬ್ಬಾಸ್ ಹೇಳಿದರು. ಊಟ ಮರೆತರು. ಸಂಜೆ ಹೆಂಡತಿ ಬಾಗಿಲು ತೆರೆದಾಗ ಎರಡನೆಯ ತ್ರಿಕೋನದ ತುದಿಗೆ ಗಂಟು ಹಾಕುತ್ತಿದ್ದರು.

"ನೋಡಿದೆಯಾ? ಒಂದೇ ದಿನದಲ್ಲಿ," ಎಂದು ಎತ್ತಿ ತೋರಿಸಿದರು.

ಹೆಂಡತಿ ನೋಡಿದ್ದು ಅದನ್ನಲ್ಲ, ಬುಟ್ಟಿಯನ್ನು. ಅದರಲ್ಲಿ ಕುತ್ತಿಗೆಗೆ ಸುತ್ತುವಷ್ಟು ಹಸಿರು ಪಟ್ಟಿ ಉಳಿದಿತ್ತು.

"ಪಿನ್ನು ಎಲ್ಲಿ?"

"ಮಕ್ಕಳಿಗೆ ಚುಚ್ಚುತ್ತೆ ಅಂತ..." ಎಂದವರ ಕಣ್ಣು ತಮ್ಮ ಕೈಯಲ್ಲಿದ್ದ ದಾರದ ಹಾದಿ ಹಿಡಿದು ಬುಟ್ಟಿಗೆ ಹೋಯಿತು. ಅಲ್ಲಿಂದ ವಾಪಸ್ ಬರಲಿಲ್ಲ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನಾಳೆ ಬೆಳಿಗ್ಗೆ ಆಪರೇಷನ್ ರೀ. ಇವತ್ತೂ ಕೇಳಿದ್ಲು ಆ ಮಗು, ನನ್ನ ಹಸಿರು ಬರುತ್ತಲ್ವಾ ಅಂತ. ಬರುತ್ತೆ ಕಂದ ಅಂದೆ," ಎಂದು ಕುರ್ಚಿಯಲ್ಲಿ ಕುಸಿದಳು.

ತಾವು ಬಿಚ್ಚಿದ್ದು ಬರೀ ಉಲ್ಲನ್ನಲ್ಲ, ಒಂದು ಮಗುವಿನ ಧೈರ್ಯ ಎಂದು ಯಜಮಾನರಿಗೆ ಆಗ ಹೊಳೆಯಿತು. ಚಪ್ಪಲಿ ಮೆಟ್ಟಿ ನರ್ಸಮ್ಮನ ಮನೆಗೆ ಓಡಿದರು. ಮೂಲೆಮಟ್ಟವನ್ನು ಮೊಟ್ಟಮೊದಲ ಸಲ ಮನೆಯಲ್ಲೇ ಬಿಟ್ಟು ಹೋಗಿದ್ದರು.

ನರ್ಸಮ್ಮ ಹೇಳಿಕಳಿಸಿದ್ದೇ ತಡ, ಬಂದರು ಹೆಂಗಸರು. ಒಬ್ಬಾಕೆಯ ಕೈಯಲ್ಲಿ ಕಲಸಿದ ಹಿಟ್ಟು ಹಾಗೇ ಇತ್ತು. ಎರಡು ತ್ರಿಕೋನಗಳನ್ನು ಜೋಡಿಸಿ, ಹೆಂಡತಿಯ ಪಟ್ಟಿಯನ್ನು ಬಿಚ್ಚಿ ಆ ದಾರದಲ್ಲಿ ಸುತ್ತಲೂ ಅಂಚು ಕಟ್ಟಿದರು. ಯಜಮಾನರು ಚಹಾ ಕಾಸಿ ಕೊಟ್ಟರು, ದಾರ ಸುತ್ತಿ ಕೊಟ್ಟರು, ಹೇಳಿದ ಕಡೆ ಹಿಡಿದುಕೊಂಡು ಕೂತರು. ಇಷ್ಟು ಜನ ತಮ್ಮ ಒಲೆ ಆರಿಸಿ ಬಂದು ತನ್ನ ತಪ್ಪಿಗೆ ಅಂಚು ಕಟ್ಟುತ್ತಿದ್ದಾರಲ್ಲ ಎಂದುಕೊಂಡು ಒಬ್ಬೊಬ್ಬರ ಲೋಟವನ್ನೂ ತಾವೇ ತೊಳೆದಿಟ್ಟರು. ಆ ಹಳದಿ ಹೊದಿಕೆಯೂ ಹೀಗೇ ಎಲ್ಲೋ ಯಾರ ಮನೆಯಲ್ಲೋ ಹುಟ್ಟಿರಬೇಕು.

ಹೊದಿಕೆ ಹರಡಿದಾಗ ಚೌಕ ಆಗಿರಲಿಲ್ಲ. ಎರಡನೆಯ ತ್ರಿಕೋನ ಮೊದಲನೆಯದಕ್ಕಿಂತ ಉದ್ದ ಬಂದಿತ್ತು. ಒಟ್ಟಿನಲ್ಲಿ ಅದೊಂದು ಗಾಳಿಪಟ.

"ಪರವಾಗಿಲ್ಲ, ಹಸಿರಾಗಿದೆ," ಅಂದರು ನರ್ಸಮ್ಮ.

ಬೆಳಿಗ್ಗೆ ವಾರ್ಡಿನಲ್ಲಿ ಹುಡುಗಿ ಕಂಬಿ ಹಿಡಿದು ಕಾಯುತ್ತಿದ್ದಳು. ಹೊದಿಕೆಯನ್ನು ಬಿಡಿಸಿ, ಚೂಪು ತುದಿಯನ್ನು ಮುಟ್ಟಿ, ತಿರುಗಿಸಿ ನೋಡಿದಳು. ಯಜಮಾನರು ಬಾಗಿಲ ಸಂದಿಯಿಂದ ಇಣುಕುತ್ತಿದ್ದರು.

"ಇದನ್ನ ಹೆಣೆದ ಮಗು ಯಾವ ವಾರ್ಡಲ್ಲಿದೆ?" ಎಂದು ಮೆಲ್ಲಗೆ ಕೇಳಿದಳು.

"ಅಗೋ, ಬಾಗಿಲ ಹತ್ರ ನಿಂತಿದೆ ನೋಡು," ಅಂದರು ನರ್ಸಮ್ಮ.

ಹುಡುಗಿ ಅವರ ನರೆತ ಮೀಸೆಯನ್ನೂ ಒದ್ದೆಯಾದ ಕಣ್ಣನ್ನೂ ನೋಡಿದಳು. ಅವಳಿಗೆ ಪಾಪ ಅನ್ನಿಸಿರಬೇಕು.

"ಅಳಬೇಡಿ ತಾತ. ಗಾಳಿಪಟ ನಂಗಿಷ್ಟ. ಆದ್ರೆ ನಾನು ವಾಪಸ್ ಬರೋಷ್ಟರಲ್ಲಿ ನೆಟ್ಟಗೆ ಹಾಕೋದು ಕಲ್ತಿರ್ಬೇಕು, ಆಯ್ತಾ?"

"ಆಯ್ತಮ್ಮ," ಅಂದರು ಯಜಮಾನರು.

ಹುಡುಗಿ ಕಂಬಿ ಬಿಟ್ಟಳು. ಹೊದಿಕೆ ಹೊದ್ದು, ತಾನೇ ಹತ್ತಿ ಗಾಲಿಮಂಚದ ಮೇಲೆ ಮಲಗಿದಳು.

ಕೊಟ್ಟ ಮಾತು ಮಾತೇ. ಯಜಮಾನರು ಹೊರಗಿನ ಬೆಂಚಿನ ಮೇಲೆ ಕುಳಿತು ಹೆಂಡತಿಯ ಚೀಲದಿಂದ ಉಲ್ಲನ್ ಈಸಿಕೊಂಡರು. "ಅಂಚಿನ ಕುಣಿಕೆ," ಎಂದು ಅವಳು ಪಕ್ಕದಿಂದ ತಿವಿಯುತ್ತಿದ್ದಳು. "ಗೊತ್ತು ಕಣೆ," ಎನ್ನುತ್ತ ಮತ್ತೆ ಮತ್ತೆ ಮರೆಯುತ್ತಿದ್ದರು. ಕಡ್ಡಿಗಿಂತ ಹೆಚ್ಚಾಗಿ ಅವರ ಕಣ್ಣು ಮುಚ್ಚಿದ ಬಾಗಿಲ ಮೇಲೇ ಇತ್ತು. ಅದರ ಚೌಕಟ್ಟು ನೆಟ್ಟಗಿದೆಯೇ ಎಂದು ಮಾತ್ರ ಒಮ್ಮೆಯೂ ನೋಡಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರು ನಗುತ್ತ ಬಂದರು. ಹಿಂದೆ ಗಾಲಿಮಂಚ, ಅದರ ಮೇಲೆ ಹಸಿರು ಗಾಳಿಪಟ. ಯಜಮಾನರು ಎದ್ದು ನಿಂತು, ಹಾಕಿದಷ್ಟು ಸಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಹುಡುಗಿ ಅರ್ಧ ಕಣ್ಣು ತೆರೆದು ನೋಡಿದಳು.

"ಇನ್ನೂ ಓರೆ," ಅಂದು ಮತ್ತೆ ನಿದ್ದೆ ಹೋದಳು.

ಅಷ್ಟು ಒಳ್ಳೆಯ ಮಾತನ್ನು ಯಜಮಾನರು ತಮ್ಮ ಜನ್ಮದಲ್ಲಿ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ಬೆಂಚಿಗೆ ಮರಳಿ, ಯಾರೂ ಹೇಳದೆಯೇ ದಾರ ಎಳೆದು ಎಲ್ಲ ಬಿಚ್ಚತೊಡಗಿದರು.