ಹದಿನೇಳನೆಯ ಸಾಲಿನ ಹಾಲಿನ ಕಾರಂಜಿಯ ಕುರಿತು ಒಂದು ಅರಿಕೆ

ಮುಗಿಲೆತ್ತರದ ಹುದ್ದೆಯಲ್ಲಿ ವಿರಾಜಮಾನರಾಗಿರುವ, ನೆಲದ ಮೇಲಿನವರ ಫೋನ್ ಕರೆಗಳು ಸುಲಭಕ್ಕೆ ಮುಟ್ಟಲಾರದ, ವಿಮಾನ ಕಂಪನಿಯ ಮುಖ್ಯ ಪ್ರಯಾಣಿಕ ಸೇವಾಧಿಕಾರಿಗಳಾದ ಮಾನ್ಯರೇ,

ತಮಗೆ ಅನಂತ ವಂದನೆಗಳು. ತಾವೂ ತಮ್ಮ ಕುಟುಂಬದವರೂ ತಮ್ಮ ಸಮಸ್ತ ವಿಮಾನಗಳೂ ಅವುಗಳ ಚಕ್ರಗಳೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನೂ ಕ್ಷೇಮ. ಕಳೆದ ಗುರುವಾರದ ಬೆಳಗಿನ ವಿಮಾನದಲ್ಲಿ ತಾವು ನನಗೂ ನನ್ನ ಮಗಳಿಗೂ ನೀಡಿದ ಆತಿಥ್ಯವನ್ನು ಕೊಂಡಾಡದೆ ಸುಮ್ಮನಿದ್ದರೆ ಅದು ಕೃತಘ್ನತೆಯಾದೀತೆಂಬ ಒಂದೇ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ದೂರು ಎಂದು ತಾವು ದಯವಿಟ್ಟು ಭಾವಿಸಬಾರದು. ದೂರು ಬರೆಯುವವರು ಇಷ್ಟು ನಗುತ್ತ ಬರೆಯುವುದಿಲ್ಲ.

ನಾನು ಒಂದು ಪ್ರೌಢಶಾಲೆಯ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕ. ಇಪ್ಪತ್ತೆರಡು ವರ್ಷಗಳಿಂದ ದ್ರವಗಳನ್ನು ಅಳೆಯುತ್ತ, ಪುಡಿಗಳನ್ನು ತೂಗುತ್ತ, ಮಕ್ಕಳು ಯಾವುದನ್ನೂ ಬಾಯಿಗೆ ಹಾಕಿಕೊಳ್ಳದಂತೆ ಕಾಯುತ್ತ ಬಂದವನು. ತಡವಾಗಿ ಅಪ್ಪನಾದೆ. ಮಗಳಿಗೆ ಈಗ ಐದು ತಿಂಗಳು; ಮನೆಯಲ್ಲಿ ಅವಳು ಅಮ್ಮಣ್ಣಿ. ಹೆರಿಗೆಯಾದಾಗಿನಿಂದ ನನ್ನ ಹೆಂಡತಿಗೆ ವಿಪರೀತ ಬೆನ್ನುನೋವು, ಅದಕ್ಕೆ ನುಂಗುವ ಮಾತ್ರೆಗಳ ದೆಸೆಯಿಂದ ಎದೆಹಾಲು ಕೊಡುವಂತಿಲ್ಲ. ಹೀಗಾಗಿ ಅಮ್ಮಣ್ಣಿ ಮೊದಲಿನಿಂದಲೂ ಡಬ್ಬದ ಹಾಲಿನವಳು: ಮೂರು ಗಂಟೆಗೊಮ್ಮೆ, ನೂರೈವತ್ತು ಮಿಲಿ ನೀರು, ಐದು ಚಮಚ ಪುಡಿ, ಮೈಯ ಬಿಸಿಯಷ್ಟೇ ಬಿಸಿ. ಇದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳು ಬಾಟಲಿಯನ್ನು ಕಾಲಿನಿಂದ ಒದೆಯುತ್ತಾಳೆ. ಪ್ರಯೋಗಾಲಯಕ್ಕೆ ಬರುವ ತಪಾಸಣಾಧಿಕಾರಿಗಳು ಕೂಡ ಇಷ್ಟು ಕಟ್ಟುನಿಟ್ಟಲ್ಲ.

ಹೆಂಡತಿಗೆ ದೂರದ ನಗರದ ಆಸ್ಪತ್ರೆಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ, ಅವಳು ಅಲ್ಲಿಯೇ ತನ್ನ ಅಣ್ಣನ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಳು. ತಾಯಿ ಮಗಳು ಒಬ್ಬರನ್ನೊಬ್ಬರು ಮುಟ್ಟಿ ಇಪ್ಪತ್ತಾರು ದಿನವಾಗಿತ್ತು. ಫೋನಿನಲ್ಲಿ ಮುಖ ತೋರಿಸಿದರೆ ಅಮ್ಮಣ್ಣಿ ಫೋನನ್ನೇ ಚೀಪಲು ನೋಡುತ್ತಿದ್ದಳು. ಕೊನೆಗೆ ವೈದ್ಯರು ಮಗುವನ್ನು ಕರೆತರಬಹುದು ಎಂದರು. ಆ ದಿನ ಹೆಂಡತಿ ಕೇಳಿದ್ದು ಒಂದೇ ಮಾತು: "ನನ್ನ ಗುರುತು ಹಿಡೀತಾಳಾ ರೀ?" ನಾನು ಏನೋ ಹೇಳಿದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಪರೀಕ್ಷಾನಳಿಕೆಗಳನ್ನು ತೊಳೆದೆ. ಅವು ಮೊದಲೇ ತೊಳೆದವಾಗಿದ್ದವು.

ಒಂದೂವರೆ ಗಂಟೆಯ ಪ್ರಯಾಣಕ್ಕೆ ಎರಡು ಬಾಟಲಿ ಹಾಲು ಸಾಕೆಂದು ನನ್ನ ಲೆಕ್ಕ. ನನ್ನ ಅತ್ತೆಯವರು ಆ ಲೆಕ್ಕವನ್ನು ಓದುವ ಮೊದಲೇ ಹರಿದುಹಾಕಿ, ಕಲಸಿದ ಹಾಲಿನ ಬಾಟಲಿ ಒಂದು, ಮೂರು ಅಂಕಣದ ಡಬ್ಬಿಯಲ್ಲಿ ಮೂರು ಸಲಕ್ಕಾಗುವಷ್ಟು ಅಳೆದ ಪುಡಿ, ಕುದಿಸಿದ ನೀರಿನ ಫ್ಲಾಸ್ಕು, ಇಷ್ಟನ್ನೂ ಕೈಚೀಲಕ್ಕೆ ತುರುಕಿ, "ಅಳಿಯಂದ್ರೇ, ಇವಳಿಗೆ ಹಸಿವಾದ್ರೆ ಪೈಲಟ್‌ಗೂ ಕೇಳಿಸುತ್ತೆ, ಹುಷಾರು" ಎಂದು ಬೀಳ್ಕೊಟ್ಟರು. ಪುಡಿಯ ದೊಡ್ಡ ಡಬ್ಬವೂ ಕೈಚೀಲದಲ್ಲೇ ಇತ್ತು. ಆದರೆ ತಮ್ಮ ಕೌಂಟರಿನ ಸಿಬ್ಬಂದಿ ಚೀಲದ ತೂಕ ಮುನ್ನೂರು ಗ್ರಾಂ ಹೆಚ್ಚೆಂದು ಕಂಡುಹಿಡಿದು, ಆ ಡಬ್ಬವನ್ನು ಪೆಟ್ಟಿಗೆಗೆ ಸೇರಿಸಿ, ಪೆಟ್ಟಿಗೆಯನ್ನು ವಿಮಾನದ ಹೊಟ್ಟೆಗೆ ಸೇರಿಸಿ, ವಿಮಾನವನ್ನು ಮುನ್ನೂರು ಗ್ರಾಂಗಳ ಭಾರದಿಂದ ಪಾರುಮಾಡಿದರು. ಕೈಚೀಲದಲ್ಲಿದ್ದ ಭಾರ ಹೊಟ್ಟೆಗಿಳಿದರೆ ಇಲ್ಲವಾಗುತ್ತದೆ ಎಂಬ ಈ ಹೊಸ ಭೌತಶಾಸ್ತ್ರವನ್ನು ನಮ್ಮ ಶಾಲೆಯ ಪಠ್ಯದಲ್ಲಿ ಸೇರಿಸಲು ತಮ್ಮ ಅಪ್ಪಣೆ ಕೋರುತ್ತೇನೆ.

ಮುಂದೆ ಭದ್ರತಾ ತಪಾಸಣೆ. ಅದು ತಮ್ಮ ಇಲಾಖೆಯಲ್ಲವೆಂದು ಬಲ್ಲೆ. ಆದರೂ ಅಲ್ಲಿ ನಡೆದದ್ದನ್ನು ಬಿಟ್ಟರೆ ಕಥೆ ಕುಂಟುತ್ತದೆ. ಫ್ಲಾಸ್ಕಿನ ನೀರು ಮಿತಿ ಮೀರಿದೆಯೆಂದು ಚೆಲ್ಲಿಸಿದ ಅಧಿಕಾರಿಣಿ, "ವಿಮಾನದಲ್ಲಿ ಬೇಕಾದಷ್ಟು ನೀರು ಕೊಡ್ತಾರೆ ಸಾರ್" ಎಂದು ತಮ್ಮ ಪರವಾಗಿ ಭರವಸೆಯಿತ್ತರು. ಬಳಿಕ ಕಲಸಿದ ಹಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಒಂದು ಗುಟುಕು ನೀವೇ ಕುಡಿದು ತೋರಿಸಿ" ಎಂದರು. ಲೋಟವಿರಲಿಲ್ಲ. ಹಿಂದೆ ನಿಂತಿದ್ದ ಐವತ್ತು ಅರವತ್ತು ಜನರ ಎದುರು, ಬೆಲ್ಟು ಬಿಚ್ಚಿ ಟ್ರೇಯಲ್ಲಿಟ್ಟು, ಅಮ್ಮಣ್ಣಿಯನ್ನು ಎದೆಯ ಜೋಳಿಗೆಯಲ್ಲಿ ಹೊತ್ತು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ನಲವತ್ತಾರು ವರ್ಷದ ನಾನು ಮಗುವಿನ ಬಾಟಲಿಯ ನಿಪ್ಪಲ್ಲಿಗೆ ಬಾಯಿಟ್ಟು ಚೀಪಿದೆ. ಮೊದಲು ಬರಲಿಲ್ಲ. "ಗಟ್ಟಿಯಾಗಿ ಎಳೀರಿ ಸಾರ್" ಎಂದು ಸಾಲಿನಿಂದ ಯಾರೋ ಅನುಭವಸ್ಥರು ಕೂಗಿದರು. ಬಂತು. ತನ್ನ ಬಾಟಲಿ ಅಪ್ಪನ ಬಾಯಲ್ಲಿರುವುದನ್ನು ಕಂಡ ಅಮ್ಮಣ್ಣಿಯ ಮುಖ ಮೊದಲು ಬೆರಗಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಇಡೀ ತಪಾಸಣಾ ಕೋಣೆ ಕಿವಿ ಮುಚ್ಚಿಕೊಂಡಿತು. ಅಧಿಕಾರಿಣಿ ಗಂಭೀರವದನರಾಗಿಯೇ ಮುದ್ರೆ ಒತ್ತಿದರು, ಆದರೆ ಮುದ್ರೆ ಬಿದ್ದದ್ದು ಅವರದೇ ಹೆಬ್ಬೆರಳಿಗೆ. ನಗು ತಡೆಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

ಬೇರೆ ನಿಪ್ಪಲ್ ಹಾಕಿ ಕುಡಿಸಿದೆ. ಆ ಮೊದಲ ಬಾಟಲಿ ವಿಮಾನ ಏರುವ ಹೊತ್ತಿಗೆಂದು ಇಟ್ಟದ್ದು. ಏರುವಾಗ ಗುಟುಕರಿಸುತ್ತಿದ್ದರೆ ಮಗುವಿನ ಕಿವಿ ನೋಯುವುದಿಲ್ಲವಂತೆ. ಇರಲಿ, ಇನ್ನೂ ಮೂರು ಸಲದ ಪುಡಿಯಿದೆಯಲ್ಲ ಎಂದು ಸಮಾಧಾನಪಟ್ಟೆ. ಆಗ ತಾವು ಧ್ವನಿವರ್ಧಕದ ಮೂಲಕ ವಿಮಾನ "ಸ್ವಲ್ಪ" ತಡವೆಂದು ತಿಳಿಸಿದಿರಿ. ಎರಡು ಗಂಟೆ ನಲವತ್ತು ನಿಮಿಷಕ್ಕೆ "ಸ್ವಲ್ಪ" ಎನ್ನುವ ತಮ್ಮ ವಿಶಾಲ ಕಾಲಪ್ರಜ್ಞೆಗೆ ಋಷಿಗಳೂ ತಲೆಬಾಗಬೇಕು. ಅಂತೂ ಕರೆ ಬಂದಾಗ ಕಾಫಿ ಅಂಗಡಿಯಾಕೆಯಿಂದ ಬಿಸಿನೀರು ಬೇಡಿ, ಎರಡನೆಯ ಬಾಟಲಿ ಕಲಸಿ, ಮುಚ್ಚಳ ಬಿಗಿದು ವಿಮಾನ ಹತ್ತಿದೆ. ವಿಮಾನ ನೆಲ ಬಿಡುವ ಆ ಕ್ಷಣಕ್ಕೆ ಸರಿಯಾಗಿ ಅಮ್ಮಣ್ಣಿ ನಿದ್ದೆಹೋದಳು.

ಹದಿನೇಳನೆಯ ಸಾಲಿನಲ್ಲಿ ನನ್ನ ಪಕ್ಕ ಕಿಟಕಿಯ ಬಳಿ ಕುಳಿತವರು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ಕರು, ಇಸ್ತ್ರಿ ಹಾಕಿದ ಕಪ್ಪು ಪ್ಯಾಂಟಿನಲ್ಲಿದ್ದರು. ಹಿಂದೆ ಹೆಣೆಯುವ ಕಡ್ಡಿಗಳನ್ನು ತಪಾಸಣೆಯಲ್ಲಿ ಕಳೆದುಕೊಂಡು ಬರಿಯ ಉಣ್ಣೆಯ ಉಂಡೆ ಹಿಡಿದ ಅಜ್ಜಿಯೊಬ್ಬರು. ಮುಂದೆ ಟೈ ಕಟ್ಟಿದ, ತಲೆ ಫಳಫಳ ಹೊಳೆಯುವ ಯಜಮಾನರೊಬ್ಬರು, ಗಾಢ ನಿದ್ದೆಯಲ್ಲಿ. ಮುಗಿಲೆತ್ತರದಲ್ಲಿ ಅಮ್ಮಣ್ಣಿ ಕಣ್ಣು ಬಿಟ್ಟು ತುಟಿ ಚಪ್ಪರಿಸಿದಳು. ನಾನು ಬಾಟಲಿಯ ಮುಚ್ಚಳ ತೆಗೆದೆ.

ಮಾನ್ಯರೇ, ನೆಲದ ಮೇಲೆ ಬಿಗಿದು ಮುಚ್ಚಿದ ಬಾಟಲಿಯನ್ನು ಗಾಳಿಯ ಒತ್ತಡ ಕಡಿಮೆಯಿರುವಲ್ಲಿ ತೆರೆದರೆ ಏನಾಗುವುದೆಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಪ್ರತಿವರ್ಷ ಪ್ರಯೋಗ ಮಾಡಿ ತೋರಿಸುವವನು ನಾನೇ. ಆದರೆ ಅಪ್ಪನಾದವನಿಗೆ ವಿಜ್ಞಾನ ನೆನಪಾಗುವುದು ಅರ್ಧ ಸೆಕೆಂಡು ತಡವಾಗಿ. ನಿಪ್ಪಲ್ಲಿನಿಂದ ಹಾಲು ಕಾರಂಜಿಯಂತೆ ಚಿಮ್ಮಿ, ಸುಂದರವಾದ ಕಮಾನು ಬಿಡಿಸಿ, ಮುಂದಿನ ಯಜಮಾನರ ನುಣ್ಣನೆಯ ತಲೆಯ ಮೇಲೆ ಇಳಿಯಿತು. ಅವರು ಕಣ್ಣು ಮುಚ್ಚಿಕೊಂಡೇ ಎದ್ದು ನಿಂತು, "ಸೋರ್ತಿದೆ! ವಿಮಾನ ಸೋರ್ತಿದೆ!" ಎಂದು ಕೂಗಿದರು. ಆರು ಸಾಲುಗಳಲ್ಲಿ ಹಾಹಾಕಾರವೆದ್ದಿತು, ಒಬ್ಬರು ತೇಲುವ ಜಾಕೆಟ್ಟಿಗಾಗಿ ಸೀಟಿನ ಕೆಳಗೆ ತಲೆ ತೂರಿಸಿದರು. ಓಡಿಬಂದ ತಮ್ಮ ಗಗನಸಖಿ "ಹಾಲು ಸಾರ್, ಬರೀ ಹಾಲು" ಎಂದು ಪೇಪರ್ ಕರವಸ್ತ್ರ ಚಾಚಿದರು. ಯಜಮಾನರು ಮೀಸೆಗಿಳಿದ ಹನಿಯನ್ನು ನಾಲಿಗೆಯಿಂದ ಪರೀಕ್ಷಿಸಿ, "ಸಕ್ಕರೆ ಕಮ್ಮಿ" ಎಂದು ತೀರ್ಪಿತ್ತು ಮತ್ತೆ ಮಲಗಿದರು. ಅವರ ತಾಳ್ಮೆಯಲ್ಲಿ ಹತ್ತರಲ್ಲೊಂದು ಪಾಲು ತಮ್ಮ ದೂರವಾಣಿ ವಿಭಾಗಕ್ಕಿದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ನಿಪ್ಪಲ್ ಬುಡದಿಂದಲೇ ಕಳಚಿಬಂದು, ಬಾಟಲಿಯಲ್ಲಿ ಉಳಿದದ್ದು ಒಂದು ಬೆರಳಿನಷ್ಟು. ಅಮ್ಮಣ್ಣಿ ಅದನ್ನು ಎರಡು ಗುಟುಕಿಗೆ ಮುಗಿಸಿ, ಇನ್ನೆಲ್ಲಿ ಎಂಬಂತೆ ನನ್ನನ್ನು ನೋಡಿದಳು.

ಮೂರನೆಯ ಬಾಟಲಿಗೆ ಉಗುರುಬೆಚ್ಚಗಿನ ನೀರು ಕೇಳಿದೆ. ಗಗನಸಖಿ ನೊಂದುಕೊಂಡು, "ನಮ್ಮ ಹತ್ರ ಎರಡೇ ಥರ ಸಾರ್, ಕುದಿಯೋದು, ಇಲ್ಲಾಂದ್ರೆ ಐಸ್ ಥರ ಇರೋದು" ಎಂದರು. ಎರಡರ ನಡುವೆ ಮನುಷ್ಯರು ಬದುಕುವ ಒಂದು ವಿಸ್ತಾರವಾದ ಪ್ರದೇಶವಿದೆ ಎಂಬುದನ್ನು ತಮ್ಮ ಕಂಪನಿ ಗಮನಿಸಿದಂತಿಲ್ಲ. ಕುದಿಯುವುದನ್ನೇ ತರಿಸಿದೆ. ಮೆಕ್ಯಾನಿಕ್ಕರು ತಾವಾಗಿಯೇ ಬಾಟಲಿ ಇಸಿದುಕೊಂಡು, ತಲೆಯ ಮೇಲಿನ ಗಾಳಿಯ ತೂತಿಗೆ ಅದನ್ನು ಹಿಡಿದು, ತಿರುಗಿಸುತ್ತ ತಿರುಗಿಸುತ್ತ ಆರಿಸಿದರು. "ಲಿಫ್ಟು ಅಂದ್ರೆ ಇದಕ್ಕಿಂತ ಪರವಾಗಿಲ್ಲ ಸಾರ್, ಕೆಟ್ಟರೆ ನಿಂತಲ್ಲೇ ನಿಲ್ಲುತ್ತೆ" ಎಂದು ಧೈರ್ಯವನ್ನೂ ತುಂಬಿದರು. ನೀರು ಹದಕ್ಕೆ ಬಂತು. ನಾನು ಪುಡಿಯ ಡಬ್ಬಿ ತೆರೆದು ಬಗ್ಗಿಸುವುದಕ್ಕೂ ವಿಮಾನ ದಢಾರನೆ ಕುಸಿಯುವುದಕ್ಕೂ ಸರಿಹೋಯಿತು. ಪುಡಿ ಮೆಕ್ಯಾನಿಕ್ಕರ ಕಪ್ಪು ಪ್ಯಾಂಟಿಗೆ, ನೀರು ನನ್ನ ಪ್ಯಾಂಟಿಗೆ. ನಡುವಿನ ಕೈಯೊರಗಿನ ಮೇಲೆ ಎರಡೂ ಕೂಡಿ ಬಹಳ ಹದವಾದ ಹಾಲಾಯಿತು. ಹೀಗೆ ಆಸನದ ಮೇಲೆಯೇ ಹಾಲು ತಯಾರಿಸುವ ತಮ್ಮ ವ್ಯವಸ್ಥೆ ಶ್ಲಾಘನೀಯ. ಅದನ್ನು ಕುಡಿಸಲು ಒಂದು ನಲ್ಲಿಯನ್ನೂ ಜೋಡಿಸಬೇಕಾಗಿ ಪ್ರಾರ್ಥನೆ.

ಈಗ ಅಮ್ಮಣ್ಣಿ ಅತ್ತಳು. ನಗುತ್ತ ಬರೆಯುತ್ತಿರುವ ನಾನು ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಹಟದ ಅಳು ಬೇರೆ, ಹಸಿವಿನ ಅಳು ಬೇರೆ. ಹಸಿವಿನ ಅಳುವಿನಲ್ಲಿ ನಡುವೆ ಒಂದು ಮೌನ ಬರುತ್ತದೆ, ಉಸಿರು ತೆಗೆದುಕೊಳ್ಳುವ ಆ ಮೌನದಲ್ಲಿ ಮಗು ನಮ್ಮ ಮುಖವನ್ನೇ ನೋಡುತ್ತದೆ. ಇನ್ನುಳಿದದ್ದು ಒಂದೇ ಅಂಕಣದ ಪುಡಿ. ದೊಡ್ಡ ಡಬ್ಬ ಎಲ್ಲೋ ನನ್ನ ಕಾಲಕೆಳಗೇ ಇತ್ತು. ಮುಂದಿನ ವಿಮಾನಗಳಲ್ಲಿ ಹದಿನೇಳನೆಯ ಸಾಲಿನ ನೆಲಕ್ಕೆ ಒಂದು ಕಿಂಡಿ, ಒಂದು ಹಗ್ಗದ ಏಣಿ ಇಡಿಸಲು ಸಾಧ್ಯವೇ ಎಂದು ತಾವು ಪರಿಶೀಲಿಸಬೇಕು.

ಕುಲುಕಾಟ ನಿಲ್ಲಲಿಲ್ಲ. ವಿಮಾನ ಇಳಿಯತೊಡಗಿತು. ಗಗನಸಖಿಯೂ ಹಿಂದಿನ ಅಡುಗೆಗೂಡಿನ ಬಳಿ ಪಟ್ಟಿ ಬಿಗಿದು ಕೂರಲೇಬೇಕಾಯಿತು. ಆಗ ಉಣ್ಣೆಯುಂಡೆಯ ಅಜ್ಜಿ ತಿರುಗಿ, "ಏನಮ್ಮಾ, ಕೂತಲ್ಲಿಂದಲೇ ಕೈಗೆ ಕೈ ದಾಟಿಸು, ನಾವೆಲ್ಲ ಸುಮ್ನೆ ಕೂತಿಲ್ವಾ?" ಎಂದು ವಿಮಾನದ ಕೊನೆಯವರೆಗೂ ಕೇಳುವಂತೆ ಗದರಿದರು. ಗಗನಸಖಿ ಕೈಗೆಟುಕಿದ ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ಬಿಗಿದು ಮುಂದಕ್ಕೆ ಕೊಟ್ಟರು, ಹಿಂದೆಯೇ ಒಂದು ತಣ್ಣೀರಿನ ಬಾಟಲಿ. ಇಪ್ಪತ್ತೊಂಬತ್ತನೆಯ ಸಾಲಿನಿಂದ ಹದಿನೆಂಟರವರೆಗೆ ಮದುವಣಗಿತ್ತಿಯಂತಿದ್ದ ಹುಡುಗಿ, ಸಿಡುಕುಮೋರೆಯ ವಕೀಲರು, ನಿದ್ದೆಗಣ್ಣಿನ ಫುಟ್‌ಬಾಲ್ ತಂಡ, ಎಲ್ಲರೂ ಕುಳಿತಲ್ಲಿಂದಲೇ "ಹುಷಾರು, ಹುಷಾರು" ಎನ್ನುತ್ತ ಅವನ್ನು ದಾಟಿಸಿದರು. ನಾನು ಒಂದು ಪಾಲು ಬಿಸಿ, ಎರಡು ಪಾಲು ತಣ್ಣೀರು ಬೆರೆಸಿದೆ. ಯಜಮಾನರು ಈಗ ಪೂರ್ತಿ ಎಚ್ಚರಾಗಿ ನನ್ನ ಮಣಿಕಟ್ಟನ್ನು ಅಲುಗದಂತೆ ಹಿಡಿದುಕೊಂಡರು, ಮೆಕ್ಯಾನಿಕ್ಕರು ಡಬ್ಬಿಯ ಸುತ್ತ ಎರಡೂ ಅಂಗೈಗಳ ಗೋಡೆ ಕಟ್ಟಿದರು, ಪುಡಿ ಒಂದು ಕಣವೂ ಚೆಲ್ಲದೆ ಬಿತ್ತು. ಅಜ್ಜಿ ಒಂದು ಹನಿಯನ್ನು ತಮ್ಮ ಮುಂಗೈಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿ, "ಹ್ಞೂಂ, ಕೊಡಿ" ಎಂದರು.

ಅಮ್ಮಣ್ಣಿ ಕುಡಿದಳು. ಮೋಡಗಳನ್ನು ದಾಟಿ, ಮನೆಗಳ ಚಾವಣಿಗಳನ್ನು ದಾಟಿ, ಒಂದೇ ಸಮನೆ ಕುಡಿದಳು. ಕೊನೆಯ ಗುಟುಕು ಮುಗಿಸಿ, ನನ್ನ ಹೆಗಲಿಗೆ ಗಲ್ಲವಿಟ್ಟು, ಐದು ತಿಂಗಳ ಮಗುವಿನದೆಂದು ಪ್ರಮಾಣ ಮಾಡಿ ಹೇಳಿದರೂ ನಂಬಲಾಗದಂಥ ಒಂದು ತೇಗು ತೇಗಿದಳು. ಹನ್ನೆರಡು ಸಾಲಿನ ಜನ ಚಪ್ಪಾಳೆ ತಟ್ಟಿದರು. ಆ ಕ್ಷಣಕ್ಕೇ ಚಕ್ರ ನೆಲ ಮುಟ್ಟಿದ್ದರಿಂದ, ಚಪ್ಪಾಳೆ ತಮಗೆಂದು ತಿಳಿದ ಪೈಲಟ್ ಮಹಾಶಯರು ಧ್ವನಿವರ್ಧಕದಲ್ಲಿ ಗದ್ಗದಿತರಾಗಿ ಧನ್ಯವಾದ ಹೇಳಿದರು. ಅವರಿಗೆ ನಿಜ ತಿಳಿಸಬೇಡಿ. ಎಷ್ಟು ವರ್ಷಗಳಿಂದ ಕಾಯುತ್ತಿದ್ದರೋ ಏನೋ.

ಹೊರಬಾಗಿಲಿನಲ್ಲಿ ನನ್ನ ಹೆಂಡತಿ ನಿಂತಿದ್ದಳು. ಮನೆಯಲ್ಲೇ ಇರಬೇಕೆಂದು ವೈದ್ಯರು ಹೇಳಿದ್ದರೂ, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಅಣ್ಣನ ತೋಳು ಹಿಡಿದು ಬಂದಿದ್ದಳು. ಭಾರ ಎತ್ತುವಂತಿಲ್ಲವಾದ್ದರಿಂದ ನಾನೇ ಮಗುವನ್ನು ಅವಳ ಮುಖದ ಹತ್ತಿರ ಹಿಡಿದೆ. ಅಮ್ಮಣ್ಣಿ ನೋಡಿದಳು. ಹುಬ್ಬು ಗಂಟಿಕ್ಕಿ, ಪರೀಕ್ಷಕರ ಹಾಗೆ, ಮೇಲಿಂದ ಕೆಳಗೆ ನೋಡಿದಳು. ಹೆಂಡತಿ ಉಸಿರಾಡುವುದನ್ನೇ ನಿಲ್ಲಿಸಿದ್ದಳು. ಮಗುವಿನ ಕೆಳತುಟಿ ನಡುಗಿತು, ಅಳುತ್ತಾಳೆಂದೇ ಅಂದುಕೊಂಡೆವು. ಆಗ ಹೆಂಡತಿ ಸಣ್ಣ ದನಿಯಲ್ಲಿ, "ಏನಮ್ಮಣ್ಣೀ, ಊಟ ಆಯ್ತಾ?" ಎಂದಳು. ಆ ದನಿ ಕಿವಿಗೆ ಬಿದ್ದದ್ದೇ ತಡ, ಅಮ್ಮಣ್ಣಿ ಹಲ್ಲಿಲ್ಲದ ಬಾಯಿಯನ್ನು ಪೂರ್ತಿ ತೆರೆದು, ಕೈಕಾಲು ಬಡಿದು, ಕೇಕೆ ಹಾಕಿ ನಕ್ಕು, ಅಮ್ಮನ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ನಲವತ್ತು ಜನ ಸೇರಿ ಕುಡಿಸಿದ ಆ ಹಾಲಿನಲ್ಲಿ ಅರ್ಧವನ್ನು ಅವಳ ಹೊಸ ಅಂಗಿಯ ಮೇಲೆ ಕಕ್ಕಿದಳು. "ನಗಿಸ್ಬೇಡ್ರೋ, ಹೊಲಿಗೆ ನೋಯುತ್ತೆ" ಎಂದು ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು, ಮಗುವನ್ನು ಮಾತ್ರ ದೂರ ಸರಿಸಲು ಬಿಡಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಮೇಲೆ ನನಗೆ ಕೋಪವಿಲ್ಲ. ಆ ಗಗನಸಖಿಗೆ ಬಡ್ತಿ ಕೊಡಿ. ಪದವಿ ಖಾಲಿಯಿಲ್ಲದಿದ್ದರೆ ತಮ್ಮದನ್ನೇ ಕೊಡಿ. ಬಿಸಿಗೂ ತಂಪಿಗೂ ನಡುವಿನ ನೀರನ್ನು ಶೋಧಿಸಲು ಒಂದು ಸಮಿತಿ ರಚಿಸಿ, ಅಧ್ಯಕ್ಷತೆಗೆ ಉಣ್ಣೆಯುಂಡೆಯ ಅಜ್ಜಿಯನ್ನು ಒಪ್ಪಿಸಿ. ಅದಾಗದಿದ್ದರೆ ಎಲ್ಲ ವಿಮಾನಗಳನ್ನೂ ನೆಲಕ್ಕೆ ತಾಗಿಸಿಕೊಂಡೇ ಹಾರಿಸಿ, ಒತ್ತಡದ ತೊಂದರೆಯಾದರೂ ತಪ್ಪುತ್ತದೆ.

ಇನ್ನೂ ಒದ್ದೆಯಾಗಿರುವ, ಆದರೂ ಬೆಚ್ಚಗಿರುವ,
ತಮ್ಮ ವಿಶ್ವಾಸಿ,
ಹದಿನೇಳನೆಯ ಸಾಲಿನ ನಡುವಿನ ಆಸನದವನು

ಮರೆತ ಮಾತು: ನಾನು ಬರೆದ ಮೂರು ಮಿಂಚಂಚೆಗಳಿಗೆ ತಮ್ಮಿಂದ ಉತ್ತರ ಬಂದಿಲ್ಲ. ಆದರೆ ಟಿಕೆಟಿನಲ್ಲಿ "ಶಿಶು" ಎಂದು ನಮೂದಾಗಿದ್ದ ನನ್ನ ಮಗಳಿಗೆ ತಮ್ಮ ಕಂಪನಿಯಿಂದ, "ಮಾನ್ಯ ಶ್ರೀಮತಿ ಶಿಶು ಅವರೇ, ಪ್ರಯಾಣದಲ್ಲಿ ಊಟೋಪಚಾರ ಹೇಗಿತ್ತು?" ಎಂದು ಸಂದೇಶ ಬಂದಿತ್ತು. ಅವಳು ಫೋನಿನ ಮೇಲೆ ಮುಷ್ಟಿಯಿಂದ ಗುದ್ದಿ "ಗ್ಗ್ಗ್ಗ್ಪ್ಪ್ಪ್" ಎಂದು ಉತ್ತರಿಸಿದಳು. ಎರಡೇ ನಿಮಿಷದಲ್ಲಿ, "ತಮ್ಮ ಅಮೂಲ್ಯ ಸಲಹೆಯನ್ನು ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ, ಶೀಘ್ರವೇ ಜಾರಿಗೊಳಿಸಲಾಗುವುದು" ಎಂದು ತಮ್ಮ ಸಹಿಯೊಂದಿಗೆ ಮರುತ್ತರ ಬಂತು. ಇನ್ನು ಮುಂದೆ ತಮ್ಮೊಡನೆ ವ್ಯವಹಾರವೆಲ್ಲ ಅವಳದೇ. ನಿಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಚೆನ್ನಾಗಿ ತಿಳಿಯುವಂತಿದೆ.