ರೇಷ್ಮೆ ಹುಳುವಿನ ಕೆಳಗೊಬ್ಬ ಜರ್ಮನ್ ಕಾದಂಬರಿಕಾರ

ಗಂಭೀರ ಸಾಹಿತ್ಯವನ್ನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಕ್ಕದಲ್ಲೊಂದು ಪೆನ್ಸಿಲ್ ಇಟ್ಟುಕೊಂಡು ಓದಬೇಕೆಂದು ನಂಬಿದವರಲ್ಲಿ ನಾನೂ ಒಬ್ಬಳು. ಆ ನಂಬಿಕೆ ಈಚೆಗೆ ಹೋಯಿತು. ಜರ್ಮನಿಯ ಒಬ್ಬ ಅಸ್ತಿತ್ವವಾದಿ ಕಾದಂಬರಿಕಾರರನ್ನು ನಾನು ಸೊಂಟ ಬಗ್ಗಿಸಿ, ರೇಷ್ಮೆ ಹುಳುಗಳ ಸಂದಿಯಲ್ಲಿ ಇಣುಕಿ ಓದಿದ್ದೇನೆ. ಅವರು ಅರ್ಥವಾದದ್ದೂ ಹಾಗೆಯೇ.

ನಮ್ಮ ಮನೆ ತಿಪ್ಪಸಂದ್ರದ ಹತ್ತಿರ. ಅತ್ತೆಯವರು ರೇಷ್ಮೆ ಬೆಳೆಯುತ್ತಾರೆ. ಅವರ 'ಕಾನ್ವೆಂಟ್ ಸೊಸೆ'ಯಾದ ನಾನು ಹಿಪ್ಪುನೇರಳೆ ಸೊಪ್ಪು ಹೆಚ್ಚಿಕೊಡುತ್ತೇನೆ, ಅದೂ ಅವರಿಗೆ ಒಪ್ಪಿಗೆಯಾಗುವಷ್ಟು ಸಣ್ಣಗಲ್ಲ. ಮರಿಹುಳುಗಳಿಗೆ ಬಿದಿರು ತಟ್ಟೆಯಲ್ಲಿ ಹಳೇ ಪೇಪರ್ ಹಾಸುವುದು ರೂಢಿ. ಈ ಸಲ ಯಜಮಾನರು ಮಾಗಡಿಯಿಂದ ತಂದ ರದ್ದಿ ಕಟ್ಟಿನಲ್ಲಿ ತೆಳ್ಳಗಿನ ಪುಸ್ತಕವೊಂದಿತ್ತು. ಪೇಪರ್ ಸಾಲದೆ ಬಂದಾಗ ಅತ್ತೆ ಅದನ್ನು ಹಾಳೆ ಹಾಳೆ ಬಿಡಿಸಿ ಹಾಸಿಬಿಟ್ಟಿದ್ದರು. ಸೊಪ್ಪು ಉದುರಿಸಲು ಬಗ್ಗಿದಾಗ ಹುಳುಗಳ ನಡುವೆ ಇಂಗ್ಲಿಷ್ ಸಾಲುಗಳು ಕಂಡವು: ಪೆಟ್ಟಿಗೆ ಹಿಡಿದು ಸ್ಟೇಷನ್ನಿನಲ್ಲಿ ನಿಂತ ಒಬ್ಬ ಮನುಷ್ಯ, ರೈಲು ಹತ್ತುವುದೋ ಬೇಡವೋ ಎಂದು ಯೋಚಿಸುತ್ತಿದ್ದಾನೆ. ಇವನನ್ನು ನಾನು ಬಲ್ಲೆ! ಆ ಜರ್ಮನ್ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಕಾಲೇಜಿನ ಲೈಬ್ರರಿಯಿಂದ ತಂದು ಅರ್ಧ ಓದಿದ್ದೆ. ಅಷ್ಟರಲ್ಲಿ ಮದುವೆ ಗೊತ್ತಾಗಿ ಪುಸ್ತಕ ಅಲ್ಲಿಗೆ ಹೋಯಿತು, ನಾನು ಇಲ್ಲಿಗೆ ಬಂದೆ. ಅವನು ರೈಲು ಹತ್ತಿದನೋ ಇಲ್ಲವೋ ಎಂಬುದು ಒಗ್ಗರಣೆ ಹಾಕುವಾಗ, ಬಟ್ಟೆ ಮಡಿಸುವಾಗ ಈಗಲೂ ಕಾಡುತ್ತಿತ್ತು. ಇಂಥದನ್ನು ಯಾರನ್ನು ಕೇಳುವುದು?

"ಅತ್ತೆ, ಈ ಹಾಳೆಗಳೆಲ್ಲ ನನಗೆ ಬೇಕು" ಎಂದೆ.

"ತಕ್ಕೋ. ಹುಳಾನ ಎಲ್ಲಿಗೆ ಕಳಿಸ್ಲಿ, ನಿನ್ನ ತವರಿಗಾ?"

ಆದರೂ ಕಸ ತೆಗೆಯುವಾಗ ತಿಪ್ಪೆಗೆ ಹೋಗಬೇಕಾದ ಹಾಳೆಗಳನ್ನು ಅವರು ಒಂದೊಂದಾಗಿ ಕೊಡವಿ ಮೊರದಲ್ಲಿ ಎತ್ತಿಡತೊಡಗಿದರು. ಹುಳುಗಳ ಕೃಪೆಯಿಂದ ಕಾದಂಬರಿ ಹಿಂದುಮುಂದಾಗಿ ಬರುತ್ತಿತ್ತು. ಲೇಖಕರ ಜೀವನವನ್ನು ಹೇಳುವ ಮುನ್ನುಡಿ ನಡುವೆ ಎಲ್ಲೋ ಸಿಕ್ಕಿತು. ಹಗಲು ಪೋಸ್ಟಾಫೀಸಿನಲ್ಲಿ ಗುಮಾಸ್ತರಂತೆ; ಸಂಜೆ ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಬರೆಯುತ್ತಿದ್ದರಂತೆ, ಇನ್ನೊಂದು ತುದಿಯಲ್ಲಿ ಹೆಂಡತಿ ಆಲೂಗಡ್ಡೆ ಸುಲಿಯುತ್ತಿದ್ದರಂತೆ. ಬದುಕಿದ್ದಾಗ ಓದಿದವರು ಕಡಿಮೆ, ಸತ್ತ ಮೇಲೆ ಇನ್ನೂ ಕಡಿಮೆ. ಕಾಲೇಜಿನಲ್ಲಿ ಈ ಮುನ್ನುಡಿಯನ್ನು ಹಾರಿಸಿಕೊಂಡು ಹೋಗಿದ್ದೆ. ಈಗ ಆ ಆಲೂಗಡ್ಡೆ ನನ್ನನ್ನು ಹಿಡಿದು ನಿಲ್ಲಿಸಿತು. ಮನುಷ್ಯ ಯಾಕಾದರೂ ಬದುಕಬೇಕು ಎಂಬ ದೊಡ್ಡ ಪ್ರಶ್ನೆ ಹುಟ್ಟಿದ್ದು ನಮ್ಮಂಥವರ ಅಡುಗೆಮನೆಯಲ್ಲೇ ಎಂದು ತಿಳಿದು, ಕಾಣದ ಆ ದಂಪತಿಗಳ ಬಗ್ಗೆ ಕೃತಜ್ಞತೆ ಉಕ್ಕಿತು.

"ಏನಂತೆ ಅವನ ಕತೆ?" ಅತ್ತೆ ಸೊಪ್ಪು ಹೆಚ್ಚುತ್ತಾ ಕೇಳಿದರು.

"ರೈಲು ಹತ್ತಬೇಕೋ ಬೇಡವೋ ಅಂತ ಯೋಚನೆ ಅತ್ತೆ."

"ಟಿಕೀಟು ತಕ್ಕಂಡವ್ನಾ?"

"ತಗೊಂಡಿದ್ದಾನೆ."

"ಮತ್ತೇನು ರೋಗ ಬಂದಿರೋದು? ಹತ್ತಬೇಕಪ್ಪ!"

"ಅದು ಸ್ವಾತಂತ್ರ್ಯದ ಪ್ರಶ್ನೆ ಅತ್ತೆ. ಹತ್ತದೆ ಇರೋದೂ ಅವನ ಕೈಲೇ ಇದೆ."

ಅತ್ತೆ ಕತ್ತಿ ನಿಲ್ಲಿಸಿ ಯೋಚಿಸಿದರು. "ಹೆಂಡ್ತಿ ಗಿಂಡ್ತಿ ಇದ್ದಿದ್ರೆ ಯಾವತ್ತೋ ತಳ್ಳಿರೋಳು."

ಉಳಿದದ್ದು ಕೊನೆಯ ಹಾಳೆ. ಅದರ ಮೇಲಿನ ಹುಳುಗಳು ಸರಿಯಾಗಿ ಆ ಹೊತ್ತಿಗೇ ಜ್ವರಕ್ಕೆ ಕೂತವು. ಜ್ವರವೆಂದರೆ ಕಾಯಿಲೆಯಲ್ಲ; ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಕಳಚುವ ಸಮಯ. ಆಗ ತಟ್ಟೆ ಕದಲಿಸಿದರೆ ಬೆಳೆಯೇ ಕೆಡಬಹುದು. ನಾನು ಮೂಲೆಯೊಂದನ್ನು ಉಗುರಿನಿಂದ ಮೆಲ್ಲಗೆ ಎತ್ತಿದೆನಷ್ಟೆ.

"ಮುಟ್ಟಿದ್ಯೋ, ನೋಡು!" ಬಾಗಿಲಿಂದಲೇ ಗದರಿದರು ಅತ್ತೆ. "ಅಷ್ಟು ವರ್ಸದಿಂದ ನಿಂತವ್ನೆ. ನನ್ನ ಹುಳ ಏಳೋಗಂಟ ಒಸಿ ನಿಂತ್ರೆ ಅವನ ಕಾಲೇನು ಬಿದ್ದೋಗಕಿಲ್ಲ."

ಹುಳು ಎದ್ದವು. ಹೊಸ ಸೊಪ್ಪು ಹಾಕಿದ್ದೇ ಎಲ್ಲವೂ ಅದರ ಮೇಲೇರಿದವು. ಅತ್ತೆ ಕೆಳಗಿನ ಹಾಳೆ ಎಳೆದು, ಸೆರಗಿನಿಂದ ಒರೆಸಿ, "ಓದು, ನಂಗೂ ತಿಳಿಯಂಗೆ" ಎಂದು ಕೊಟ್ಟರು. ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದೆ. ಅವನು ಹತ್ತಿದ. ರೈಲು ಹೊರಟಿತು. ಅಷ್ಟೇ! ನನ್ನ ಕಣ್ಣು ತುಂಬಿತು. ತಲೆಯೆತ್ತಿದರೆ ಅತ್ತೆ ಇನ್ನೂ ಕಾಯುತ್ತಿದ್ದಾರೆ.

"ಆಮ್ಯಾಕೆ?"

"ಮುಗೀತು ಅತ್ತೆ."

"ಮುಗೀತು ಅಂದ್ರೆ? ಎಲ್ಲಿಗೋದ? ಕರ್ಕೊಳಕ್ಕೆ ಯಾರು ಬಂದಿದ್ರು?"

ಇಡೀ ಕಾದಂಬರಿಯನ್ನು ತಿಪ್ಪೆಯಿಂದ ಉಳಿಸಿಕೊಟ್ಟ ಹೆಂಗಸು. ಆ ಮುಖ ನೋಡಿ 'ಗೊತ್ತಿಲ್ಲ' ಎನ್ನಲು ಬಾಯಿ ಬರಲಿಲ್ಲ. "ಮುಂದಿನ ಊರಲ್ಲಿ ಕೆಲಸ ಸಿಕ್ತು" ಎಂದೆ. ಸಾಲದೆನಿಸಿತು. "ಒಳ್ಳೇ ಹುಡುಗಿ ಸಿಕ್ಕಿ ಮದುವೇನೂ ಆಯ್ತು."

"ಊಂ, ಹಂಗೇಳು ಮತ್ತೆ!"

ಜೀವಮಾನವೆಲ್ಲ ಒಂದು ಸಮಾಧಾನದ ಮಾತೂ ಬರೆಯದ ಆ ದೊಡ್ಡ ಮನುಷ್ಯರ ಕಾದಂಬರಿಗೆ ನಾನು ಹೀಗೆ ತಾಳಿ ಕಟ್ಟಿಸಿ ಮುಗಿಸಿದೆ. ಸಂಜೆ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ನಮ್ಮ ಸೊಸೆ ಓದಿದ್ಲು ಕಣವ್ವ. ಜರ್ಮನಿಯೋರೂ ನಮ್ಮಂಗೇಯ, ಹುಡುಗನ್ನ ಒಂದು ದಡ ಸೇರಿಸ್ದೆ ಬುಡಕಿಲ್ಲ." ಹೊರಗೆ ಹೋಗಿ ತಿದ್ದಬಹುದಿತ್ತು; ಆ ಸ್ವಾತಂತ್ರ್ಯ ನನಗಿತ್ತು. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.